ಸ್ಯಾಂಪಲ್ ಶೆಡ್ಡಿನ ಅರಿಶಿನದ ಕೊಂಬು

ಹದಿನಾಲ್ಕು ವರ್ಷ ಚಿನ್ನ ಹುಡುಕುವ ಕಂಪನಿಯಲ್ಲಿ ದುಡಿದೆ. ಕಲ್ಲಿನೊಳಗಿನ ಚಿನ್ನವನ್ನು ಬರಿಗಣ್ಣಿನಲ್ಲಿ ಒಂದು ಸಲವೂ ನೋಡಲಿಲ್ಲ. ಇದನ್ನು ಹೇಳಿದರೆ ಜನ ನಗುತ್ತಾರೆ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಟೀ ಕೊಡುವವನಿಂದ ಹಿಡಿದು ನಮ್ಮ ಬೀಗರವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಏನ್ ಗುರುಸ್ವಾಮಪ್ಪ, ಚಿನ್ನ ಸಿಕ್ತಾ?" ಮೊದಮೊದಲು ಕೂರಿಸಿಕೊಂಡು ವಿವರಿಸುತ್ತಿದ್ದೆ. ಆಮೇಲಾಮೇಲೆ, "ಸಿಕ್ತು, ನಾಳೆ ಗಾಡಿ ಕಟ್ಕೊಂಡು ಬಾ, ತುಂಬಿಸ್ತೀನಿ" ಎನ್ನತೊಡಗಿದೆ.

ಇದನ್ನು ಬರೆಯಲು ಹೇಳಿದವಳು ನನ್ನ ತಂಗಿಯ ಮಗಳು. ಭೂವಿಜ್ಞಾನ ಓದಿ ಇಂಥದ್ದೇ ಒಂದು ಕಂಪನಿಗೆ ಈಗ ಸೇರಿದ್ದಾಳೆ. "ಮಾವ, ಪುಸ್ತಕದಲ್ಲಿ ಇಲ್ಲದ್ದನ್ನ ಬರೀರಿ" ಎಂದಳು. ಪುಸ್ತಕದಲ್ಲಿ ಇಲ್ಲದ್ದು ನನ್ನ ಹತ್ತಿರ ಬೇಕಾದಷ್ಟಿದೆ. ಅದರಲ್ಲಿ ಒಂದನ್ನು ಹನ್ನೊಂದು ವರ್ಷ ಹೆಂಡತಿಗೂ ಹೇಳದೆ ಬಚ್ಚಿಟ್ಟಿದ್ದೆ. ಅದನ್ನು ಬಿಟ್ಟು ಮಿಕ್ಕದ್ದನ್ನು ಬರೆದರೆ ಬರೆದ ಹಾಗೇ ಅಲ್ಲ.

ನಮ್ಮದು ಸಣ್ಣ ಕಂಪನಿ. ನಂಜನಗೂಡಿನಲ್ಲಿ ಮುಚ್ಚಿಹೋಗಿದ್ದ ಒಂದು ಅಕ್ಕಿ ಗಿರಣಿಯನ್ನು ಬಾಡಿಗೆಗೆ ಹಿಡಿದು ಆಫೀಸು ಮಾಡಿಕೊಂಡಿತ್ತು. ಬೀರು ತೆಗೆದರೆ ಕೊನೆಯವರೆಗೂ ತೌಡಿನ ವಾಸನೆ ಬರುತ್ತಿತ್ತು. ಎರಡು ಕಡೆ ಚಿನ್ನ ಹುಡುಕಲು ಪರವಾನಗಿ ಸಿಕ್ಕಿತ್ತು. ಒಂದು, ಕಳಲೆ ದಾಟಿ ಹೋದರೆ ಸಿಗುವ ಕಲ್ಲುದಿಣ್ಣೆ. ಇನ್ನೊಂದು ನರಸೀಪುರ ತಾಲ್ಲೂಕಿನಲ್ಲಿ ಮೂಗೂರಿನ ಆಚೆಗಿರುವ ಒಂದು ಊರಿನ ಗುಡ್ಡ. ಆ ಊರಿನ ಹೆಸರು ಬರೆಯುವುದಿಲ್ಲ. ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ನಾನು ಸ್ಯಾಂಪಲಿಂಗ್ ಸೂಪರ್‌ವೈಸರ್. ಹೆಸರು ದೊಡ್ಡದು, ಕೆಲಸ ಕಲ್ಲು ಕುಟ್ಟಿಸುವುದು. ಗುಡ್ಡದಲ್ಲಿ ಬಿಳಿ ಬೆಣಚುಕಲ್ಲಿನ ಎಳೆ ಕಂಡ ಕಡೆ ಅದಕ್ಕೆ ಅಡ್ಡಲಾಗಿ ಕಾಲುವೆಯ ಹಾಗೆ ಟ್ರೆಂಚು ತೋಡಿಸುವುದು, ಮಾರುದ್ದಕ್ಕೊಂದು ಚೀಲ ಕಲ್ಲು ಕೆತ್ತಿಸಿ ನಂಬರ್ ಬರೆಯುವುದು, ಗುಡ್ಡದ ಬುಡದಲ್ಲಿದ್ದ ಜಿಂಕ್ ಶೀಟಿನ ಶೆಡ್ಡಿಗೆ ತಂದು ಕಬ್ಬಿಣದ ಒರಳಿನಲ್ಲಿ ಕುಟ್ಟಿಸುವುದು. ಕುಟ್ಟಿದ್ದನ್ನು ರಾಶಿ ಮಾಡಿ ಪಾಲು ಹಾಕಿ, ಒಂದು ಪಾಲು ನಮ್ಮಲ್ಲೇ ಇಟ್ಟುಕೊಂಡು, ಇನ್ನೊಂದನ್ನು ಮತ್ತೂ ನುಣ್ಣಗೆ ಕುಟ್ಟಿ ತೆಳು ಜರಡಿ ಹಿಡಿದು ಲ್ಯಾಬಿಗೆ ಕಳಿಸುತ್ತಿದ್ದೆವು. ಒಂದು ಎತ್ತಿನ ಗಾಡಿಯಷ್ಟು ಕಲ್ಲಿನಲ್ಲಿ ಒಂದು ಸಣ್ಣ ಉಂಗುರದಷ್ಟು ಚಿನ್ನವಿದೆ ಎಂದು ಲ್ಯಾಬಿನವರು ಹೇಳಿದರೆ ನಮಗೆ ಅದೇ ಹಬ್ಬ.

ಕಳಲೆ ಕಡೆಯ ದಿಣ್ಣೆಯಲ್ಲಿ ನಡೆದ ಒಂದು ಪ್ರಸಂಗ ನೆನಪಾಗುತ್ತದೆ. ಅಲ್ಲಿ ಒಬ್ಬ ಮುದುಕಪ್ಪ ದಿನಾ ಟವಲಿನ ತುಂಬ ಮಿರಮಿರ ಮಿಂಚುವ ಕಲ್ಲು ತಂದು ನನ್ನ ಮುಂದೆ ಸುರಿಯುತ್ತಿದ್ದ. ಕಾಗೆಬಂಗಾರ. ಉಗುರಿನಲ್ಲಿ ಕೆರೆದರೆ ಪದರ ಪದರ ಏಳುತ್ತದೆ. "ಇದಲ್ಲ ಕಣಪ್ಪಾ" ಎಂದರೆ, "ನಿಮ್ಗೆ ತಿಳೀದು ಬುಡಿ ಸಾ, ನಿಮ್ಮ ಸಾಯೇಬ್ರನ್ನ ಕರೀರಿ" ಎನ್ನುತ್ತಿದ್ದ. ಕೊನೆಗೆ ಅವನ ಹೊಲದ ಪಕ್ಕದಲ್ಲೇ ಡ್ರಿಲ್ಲಿಂಗ್ ಮೆಷಿನ್ ನಿಂತಿತು. ನಾವು ಕೊರೆಯುವುದು ಮುಂಗೈ ಗಾತ್ರದ ತೂತು, ಅದರಿಂದ ಕಲ್ಲಿನ ಕಡ್ಡಿ ತೆಗೆದು ನೋಡಲು. ಅದರಲ್ಲಿ ನೀರು ಉಕ್ಕಿತು. ಮುದುಕಪ್ಪ ಕೈಮುಗಿದು, "ಚಿನ್ನ ನೀವೇ ತಗೊಳ್ಳಿ, ತೂತು ನಂಗೆ ಬುಟ್ಬುಡಿ" ಎಂದ. ಅಷ್ಟು ಸಣ್ಣ ತೂತಿಗೆ ಮೋಟರ್ ಇಳಿಯುವುದಿಲ್ಲ ಎಂದು ಹೇಳಿದರೆ ಕೇಳಲಿಲ್ಲ. ನಾವು ಸಿಮೆಂಟ್ ಹಾಕಿ ಮುಚ್ಚುವಾಗ ಪಕ್ಕದಲ್ಲಿ ಕೂತು ನಮ್ಮ ವಂಶವನ್ನೆಲ್ಲ ಬೈದ.

ನಮ್ಮ ಹಿರಿಯ ಜಿಯಾಲಜಿಸ್ಟರನ್ನು ಎಲ್ಲರೂ ರಾಯರು ಎನ್ನುತ್ತಿದ್ದೆವು. ತೆಳ್ಳಗಿನ ಮನುಷ್ಯ, ಮೂಗಿನ ತುದಿಯಲ್ಲಿ ಸಿಟ್ಟು. ಆದರೆ ಕೆಲಸದಲ್ಲಿ ಶುದ್ಧ. ಕಲ್ಲನ್ನು ನಾಲಿಗೆಯಿಂದ ನೆಕ್ಕಿ ಲೆನ್ಸಿನಲ್ಲಿ ನೋಡುತ್ತಿದ್ದರು. ಅವರು ಮಾಡಿದ ಮೊದಲ ಕಾನೂನು ಇದು: ಸ್ಯಾಂಪಲ್ ಶೆಡ್ಡಿನೊಳಗೆ ಯಾರ ಮೈಮೇಲೂ ಚಿನ್ನ ಇರಕೂಡದು. ಓಲೆ, ಮೂಗುಬೊಟ್ಟು, ಉಂಗುರ, ಏನೂ. ಹುಡಿಯಲ್ಲಿ ಒಂದು ಕಣ ಬಿದ್ದರೂ ಲ್ಯಾಬಿನ ಲೆಕ್ಕ ತಲೆಕೆಳಗಾಗುತ್ತದೆ.

ಮೂಗೂರಿನ ಆಚೆಯ ಗುಡ್ಡದಲ್ಲಿ ಕುಟ್ಟಲು ಬರುತ್ತಿದ್ದವರು ಆ ಊರಿನ ಐದಾರು ಹೆಂಗಸರು. ಎಲ್ಲರ ಕೊರಳಲ್ಲೂ ತಾಳಿ. ನಾನು ಕಾನೂನು ಓದಿ ಹೇಳಿದ ದಿನ ದೊಡ್ಡ ಗಲಾಟೆಯಾಯಿತು. "ತಾಳಿ ಬಿಚ್ಚು ಅಂದ್ರೆ ಏನ್ ಸಾ ಅರ್ಥ? ನನ್ ಗಂಡ ಇನ್ನೂ ಗಟ್ಟಿಯಾಗವ್ನೆ" ಎಂದು ಒಬ್ಬಳು ಸೆರಗು ಬಿಗಿದು ಎದ್ದೇಬಿಟ್ಟಳು. ಆಗ ದಾರಿ ಹೇಳಿದವಳು ಪುಟ್ಟಮಣಿ. "ಅದ್ಯಾಕಂಗೆ ಕೂಗಾಡ್ತೀರಿ? ತಾಳಿ ಗಿರವಿಗೆ ಓದಾಗ ಅರಿಶಿನದ ಕೊಂಬು ಕಟ್ಕೊಳಲ್ವಾ ನಾವು? ಅಂಗೇ ಕಟ್ಕೊಂಡ್ರಾಯ್ತು" ಎಂದಳು.

ಅವತ್ತಿನಿಂದ ಅದೇ ಪದ್ಧತಿ. ಬೆಳಿಗ್ಗೆ ಬಂದ ಕೂಡಲೆ ಮೊದಲು ಅರಿಶಿನದ ಕೊಂಬಿನ ದಾರ ಕಟ್ಟಿಕೊಳ್ಳುವುದು, ಆಮೇಲೆ ತಾಳಿ ತೆಗೆಯುವುದು. ಕೊರಳು ಒಂದು ಗಳಿಗೆಯೂ ಬರಿದಾಗುವಂತಿಲ್ಲ. ತಾಳಿ, ಓಲೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಾಕುತ್ತಿದ್ದರು. ಬೀಗ ನನ್ನದು. ಸಂಜೆ ಅದೇ ಕ್ರಮ ಹಿಂದುಮುಂದಾಗಿ. ಒಂದು ದಿನವೂ ಒಂದು ಗುಂಡು ಆಚೀಚೆ ಆಗಲಿಲ್ಲ.

ಪುಟ್ಟಮಣಿಗೆ ಆಗ ಮೂವತ್ತರ ಆಸುಪಾಸು. ಗಂಡ ಮಾದೇವ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮನೆಯಲ್ಲಿ ಅತ್ತೆಯದೇ ದರ್ಬಾರು. ಒನಕೆಯ ಸದ್ದು ಕೇಳಿಯೇ ಹುಡಿ ಎಷ್ಟು ನುಣ್ಣಗಾಗಿದೆ ಎಂದು ಹೇಳುವ ಹೆಂಗಸು ಅವಳು. ಒಂದು ದಿನ ಒರಳಿನ ಮೇಲೆ ಬಗ್ಗಿ ಮೂಸಿ, "ಸಾ, ಈ ಕಲ್ಲು ಬೆಳ್ಳುಳ್ಳಿ ವಾಸ್ನೆ ಒಡೀತದೆ ನೋಡಿ" ಎಂದಳು. ನಾನು, "ಬುತ್ತೀಲಿ ಚಟ್ನಿ ತಂದಿದ್ದೀಯ, ಅದರ ವಾಸ್ನೆ" ಎಂದು ತಮಾಷೆ ಮಾಡಿದೆ. ರಾಯರು ಆ ಮಾತು ಕೇಳಿ ಓಡಿಬಂದರು. ಬೆಳ್ಳುಳ್ಳಿ ವಾಸನೆ ಬರುವುದು ಪಾಷಾಣ ಬೆರೆತ ಕಲ್ಲಿನಲ್ಲಿ, ಎಷ್ಟೋ ಕಡೆ ಚಿನ್ನ ಅದರ ಜೊತೆಗೇ ಇರುತ್ತದೆ. "ಗುರುಸ್ವಾಮಿ, ನಿನ್ನ ಡಿಪ್ಲೊಮಾಕ್ಕಿಂತ ಈ ತಾಯಿಯ ಮೂಗು ವಾಸಿ" ಎಂದರು. ಪುಟ್ಟಮಣಿ ನಾಚಿಕೊಂಡು ಸೆರಗಿನಲ್ಲಿ ಮೂಗು ಮುಚ್ಚಿಕೊಂಡಳು.

ಈಗ ನನ್ನ ಉಂಗುರದ ವಿಷಯ. ಮದುವೆಯಲ್ಲಿ ಮಾವನವರು ತೊಡಿಸಿದ್ದು. ಬೆರಳು ದಪ್ಪಗಾಗಿ, ಸೋಪು ಹಚ್ಚಿದರೂ ಎಣ್ಣೆ ಹಚ್ಚಿದರೂ ಬರುತ್ತಿರಲಿಲ್ಲ. ಕತ್ತರಿಸಿ ತೆಗೆಸಲು ಹೆಂಡತಿ ಬಿಡಲಿಲ್ಲ. ನಾನು ರಾಯರ ಕಣ್ಣಿಗೆ ಬೀಳದ ಹಾಗೆ ಬೆರಳಿಗೆ ಬಟ್ಟೆಪಟ್ಟಿ ಸುತ್ತಿಕೊಂಡು ಶೆಡ್ಡಿಗೆ ಹೋಗುತ್ತಿದ್ದೆ. "ನಮ್ಗಾದ್ರೆ ತಾಳಿ ಬಿಚ್ಚು ಅಂತೀರಿ, ನಿಮ್ಗಾದ್ರೆ ಬ್ಯಾಂಡೇಜ್ ಸಾಕಾ ಸಾ?" ಎಂದು ಪುಟ್ಟಮಣಿ ಒಮ್ಮೆ ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗಬಾರದಿತ್ತು.

ಒಂದು ದಿನ ಚೀಲಗಳನ್ನೆಲ್ಲ ಮೈಸೂರಿಗೆ ಒಯ್ಯಲು ಜೀಪು ಬಂದು ನಿಂತಿತ್ತು. ಒಂದೇ ಒಂದು ಸ್ಯಾಂಪಲ್ ಬಾಕಿ. ಪುಟ್ಟಮಣಿ ಅದನ್ನು ಕುಟ್ಟಿ, ನಮ್ಮ ಪಾಲು ತೆಗೆದಿಟ್ಟು, ಲ್ಯಾಬಿನ ಪಾಲನ್ನು ನುಣ್ಣಗೆ ಮಾಡುತ್ತಿದ್ದಳು. ಅಂಗೈಯ ಬೊಬ್ಬೆ ಒಡೆದು ನೀರು ಸುರಿಯುತ್ತಿತ್ತು. ಡ್ರೈವರ್ ಹಾರನ್ ಮೇಲೆ ಹಾರನ್ ಹೊಡೆಯುತ್ತಿದ್ದ. "ಬಿಡು, ಇದನ್ನ ನಾನು ಜರಡಿ ಹಿಡೀತೀನಿ" ಎಂದು ಕಿತ್ತುಕೊಂಡು, ಜರಡಿಯಲ್ಲಿ ಉಳಿದ ತರಿಯನ್ನು ಅಂಗೈಯಿಂದ ಗಸಗಸ ಉಜ್ಜಿ ಇಳಿಸಿದೆ. ಚೀಲ ಕಟ್ಟಿ ಜೀಪಿಗೆ ಹಾಕಿದ ಮೇಲೆ ಕೈ ತೊಳೆಯಲು ಹೋದೆ. ಬೆರಳಿನ ಬಟ್ಟೆ ಇರಲಿಲ್ಲ. ಉಂಗುರದ ಅಂಗೈ ಕಡೆಯ ಭಾಗ ಹೊಸದರಂತೆ ಹೊಳೆಯುತ್ತಿತ್ತು. ಜೀಪು ಇನ್ನೂ ತಿರುವಿನಲ್ಲೇ ಇತ್ತು. ಕೂಗಿದ್ದರೆ ನಿಲ್ಲುತ್ತಿತ್ತು. ಅಯ್ಯೋ, ಅಷ್ಟಕ್ಕೆ ಏನಾಗುತ್ತದೆ ಎಂದುಕೊಂಡು ಟವಲಿನಲ್ಲಿ ಕೈ ಒರೆಸಿಕೊಂಡೆ.

ತಿಂಗಳ ಮೇಲೆ ರಿಸಲ್ಟ್ ಬಂತು. ಅದೊಂದು ಸ್ಯಾಂಪಲಿನಲ್ಲಿ ಯಾರೂ ಕಂಡು ಕೇಳದಷ್ಟು ಚಿನ್ನ. ರಾಯರು ಆಫೀಸಿನಲ್ಲಿ ಕುರ್ಚಿ ಬಿಟ್ಟು ಎದ್ದು ನನ್ನ ಭುಜ ಹಿಡಿದು ಕುಲುಕಿದರು. ಕಂಪನಿಯ ದೊಡ್ಡವರು ಕಾರಿನಲ್ಲಿ ಬಂದು ಗುಡ್ಡಕ್ಕೆ ತೆಂಗಿನಕಾಯಿ ಒಡೆದರು. ಶೆಡ್ಡಿನ ಹೆಂಗಸರಿಗೆಲ್ಲ ಮೈಸೂರು ಪಾಕು. ಪುಟ್ಟಮಣಿ ತನ್ನ ಪಾಲನ್ನು ಅತ್ತೆಗೆಂದು ಕಾಗದದಲ್ಲಿ ಕಟ್ಟಿಕೊಂಡಳು. ನನ್ನ ಪಾಲನ್ನು ನಾನು ಡ್ರೈವರನಿಗೆ ಕೊಟ್ಟುಬಿಟ್ಟೆ. ಆದರೂ ನನ್ನನ್ನು ನಾನೇ ನಂಬಿಸಿಕೊಂಡೆ: ನಿಜವಾಗಿಯೂ ಚಿನ್ನ ಇದ್ದರೂ ಇರಬಹುದು, ಬೆಳ್ಳುಳ್ಳಿ ವಾಸನೆ ಬಂದಿತ್ತಲ್ಲ. ಆ ಬೇಸಿಗೆಯೆಲ್ಲ ದೇವರೇ ಚಿನ್ನ ಸಿಗಲಿ ಎಂದು ಬೇಡಿಕೊಂಡೆ. ಕಂಪನಿಗಾಗಿ ಬೇಡಿದ್ದಲ್ಲ.

ಆ ಗುಡ್ಡದಲ್ಲೇ ಎರಡು ಕಡೆ ಆಳವಾಗಿ ಡ್ರಿಲ್ ಮಾಡಿದರು. ಬರೀ ಕಲ್ಲು. ರಾಯರ ಮುಖ ದಿನದಿನಕ್ಕೂ ಇಳಿದುಹೋಯಿತು. ಕೊನೆಗೆ ಶೆಡ್ಡಿನಲ್ಲಿ ಉಳಿಸಿಕೊಂಡಿದ್ದ ಅದೇ ನಂಬರಿನ ಪಾಲನ್ನು ತಾವೇ ಒಯ್ದು ಲ್ಯಾಬಿಗೆ ಕೊಟ್ಟರು. ಅದರಲ್ಲಿ ಚಿನ್ನದ ಸುಳಿವೇ ಇರಲಿಲ್ಲ. ಒಂದೇ ಕಲ್ಲಿನ ಎರಡು ಪಾಲು, ಒಂದರಲ್ಲಿ ರಾಶಿ, ಇನ್ನೊಂದರಲ್ಲಿ ಸೊನ್ನೆ. ಯಾರೋ ಬೇಕೆಂದೇ ಚಿನ್ನ ಬೆರೆಸಿದ್ದಾರೆ ಎಂದು ರಾಯರು ತೀರ್ಮಾನಿಸಿದರು. ಚಿನ್ನ ಬಂದರೆ ಕೆಲಸ ಮುಂದುವರಿಯುತ್ತದೆ, ಕೂಲಿ ಉಳಿಯುತ್ತದೆ. ನಮ್ಮ ಕಸುಬಿನಲ್ಲಿ ಅಂಥ ಮೋಸ ಇಲ್ಲದ್ದೇನಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ರಾಯರು ಶೆಡ್ಡಿಗೆ ಬಂದರು. ಎಲ್ಲರೂ ಇದ್ದರು.

"ಗುರುಸ್ವಾಮಿ, ಈ ನಂಬರ್ ಕುಟ್ಟಿದ್ದು ಯಾರು?"

"ಪುಟ್ಟಮಣಿ, ಸಾರ್."

ನಾನು ಹೇಳಿದ್ದು ಸುಳ್ಳಲ್ಲ. ಕುಟ್ಟಿದ್ದು ಅವಳೇ. ಜರಡಿ ಹಿಡಿದದ್ದು ಯಾರು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನನ್ನ ಕೆಲಸ ಕಾಯಂ ಆಗುವ ಕಾಗದ ಅವರ ಮೇಜಿನ ಮೇಲಿತ್ತು. ಇದು ಸಬೂಬಲ್ಲ, ಇದ್ದ ವಿಷಯ.

ರಾಯರು ಅವಳ ಕಡೆ ತಿರುಗಿ, "ನಿನ್ನನ್ನ ನಂಬಿದ್ದೆನಲ್ಲಮ್ಮ. ತಾಳಿ ಗುಂಡು ಉಜ್ಜಿ ಹಾಕಿದೆಯಾ?" ಎಂದರು.

"ಇಲ್ಲ ಸಾ. ನನ್ ಕೊರಳಲ್ಲಿ ಇದ್ದಿದ್ದು ಅರಿಶಿನದ ಕೊಂಬು. ತಾಳಿ ಡಬ್ಬೀಲಿತ್ತು, ಬೀಗ ಇವ್ರ ತಾವ ಇತ್ತು." ಆಮೇಲೆ ನನ್ನ ಕಡೆ ನೋಡಿ, "ನೀವೇ ಹೇಳಿ ಸಾ" ಎಂದಳು.

ನಾನು ಜರಡಿಯನ್ನು ನೋಡುತ್ತ ನಿಂತೆ. ಕೈ ಬೆನ್ನ ಹಿಂದೆ ಇತ್ತು.

ಅವಳು ಇನ್ನೊಂದು ಸಲ ಕೇಳಲಿಲ್ಲ. ಡಬ್ಬಿ ತೆಗೆಸಿ, ತಾಳಿ ಕಟ್ಟಿಕೊಂಡು, ಕೊಂಬಿನ ದಾರ ಬಿಚ್ಚಿ ಒರಳಿನ ಅಂಚಿನ ಮೇಲಿಟ್ಟು, ಬುತ್ತಿ ಎತ್ತಿಕೊಂಡು ಹೊರಟುಹೋದಳು. ಬುತ್ತಿ ಇನ್ನೂ ಬಿಚ್ಚಿರಲಿಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ಆಮೇಲೆ ಆಯಿತು. ಚಿನ್ನ ಬೆರೆಸಿದ್ದಕ್ಕೆ ಕೆಲಸದಿಂದ ತೆಗೆದರು ಎಂದರೆ ಊರಿನಲ್ಲಿ ಯಾರು ನಂಬುತ್ತಾರೆ? ಚಿನ್ನ ಹಾಕಿದವರನ್ನು ಯಾರಾದರೂ ಓಡಿಸುತ್ತಾರೆಯೇ? ಕದ್ದವರನ್ನು ಓಡಿಸುತ್ತಾರೆ. ಎಂಟು ದಿನದೊಳಗೆ ಮಾತು ಹಾಗೇ ತಿರುಗಿತು: ಪುಟ್ಟಮಣಿ ಕಂಪನಿ ಚಿನ್ನ ಕದ್ದಳು. ಜೀಪಿನ ಡ್ರೈವರ್ ನನಗೆ ಹೇಳಿ ನಕ್ಕ. ಅಲ್ಲ ಕಣಯ್ಯ, ಗುಡ್ಡದಲ್ಲಿ ಕದಿಯೋಕೆ ಚಿನ್ನವೇ ಇಲ್ಲ ಎಂದು ನಾನು ಅವನಿಗಾದರೂ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಕುಟ್ಟುವ ಹೆಂಗಸರು ಹೋಗಿ ಮೆಷಿನ್ ಬಂತು. ಸರಪಳಿ ಎಳೆದು ಅಳೆಯುವುದು ಹೋಗಿ, ಅಂಗೈಯಲ್ಲಿ ಹಿಡಿದರೆ ನಿಂತ ಜಾಗ ಹೇಳುವ ಯಂತ್ರ ಬಂತು. ಪ್ರತಿ ಹತ್ತಿಪ್ಪತ್ತು ಚೀಲಕ್ಕೊಂದು ಚಿನ್ನವಿಲ್ಲದ ಕಲ್ಲಿನ ಚೀಲ ಸೇರಿಸಿ ಕಳಿಸುವ ಪದ್ಧತಿ ಬಂತು. ಎಲ್ಲಿ ಕಲಬೆರಕೆಯಾದರೂ ಅದರಲ್ಲಿ ಗೊತ್ತಾಗುತ್ತದೆ. ಆ ಚೀಲ ಕಟ್ಟುವಾಗಲೆಲ್ಲ ಇದು ಮೊದಲೇ ಇದ್ದಿದ್ದರೆ ಎಂದುಕೊಳ್ಳುತ್ತಿದ್ದೆ. ರಾಯರು ಕಂಪನಿ ಬಿಟ್ಟು ತಮ್ಮ ಊರಿಗೆ ಹೋದರು, ಅಲ್ಲೇ ತೀರಿಕೊಂಡರು ಎಂದು ಕೇಳಿದೆ. ಅವರಿಗೂ ಹೇಳದೆ ಉಳಿದುಹೋಯಿತು. ಕಂಪನಿ ಎರಡೂ ಗುಡ್ಡ ಕೈಬಿಟ್ಟು ಬಾಗಿಲು ಹಾಕಿತು. ನಾನು ಒಂದು ಹಾರ, ಒಂದು ಗಡಿಯಾರ ತೆಗೆದುಕೊಂಡು ಮನೆಗೆ ಬಂದೆ.

ನಿವೃತ್ತಿಯಾದ ವರ್ಷ ಕೈ ಊದಿಕೊಂಡಿತು. ಉಂಗುರ ಕತ್ತರಿಸಲೇಬೇಕು ಎಂದರು ಡಾಕ್ಟರು. ನಂಜನಗೂಡಿನ ಅಕ್ಕಸಾಲಿಗರೊಬ್ಬರು ಕತ್ತರಿಸಿ ಕೈಗಿಟ್ಟು, "ಏನ್ ಸ್ವಾಮಿ, ಅಂಗೈ ಕಡೆ ಅರ ಹಾಕಿದಂಗೆ ಸವೆದದೆ. ಜರಡಿಗೆ ಉಜ್ಜಿದ್ರಾ?" ಎಂದರು. ಅವರು ಸುಮ್ಮನೆ ಕೇಳಿದ್ದು. ನನಗೆ ಅಂಗಡಿಯಲ್ಲೇ ಕಣ್ಣು ತುಂಬಿಬಂತು. ಜೊತೆಗೆ ಬಂದಿದ್ದ ಹೆಂಡತಿ ಗಾಬರಿಯಾಗಿ ನೋವಾಯಿತೇ ಎಂದು ಕೇಳಿದಳು. ಮನೆಗೆ ಬಂದು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಆ ಹೆಣ್ಣುಮಗಳಿಗೆ ಹೇಳಿದ್ರಾ?" ಎಂದು ಮಾತ್ರ ಕೇಳಿದಳು.

ಮಾರನೆಯ ದಿನವೇ ಬಸ್ಸು ಹತ್ತಿದೆ. ಪುಟ್ಟಮಣಿ ಮನೆ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ತಲೆ ಅರ್ಧ ನರೆತಿತ್ತು. ನೋಡಿದ ಕೂಡಲೆ, "ಓ, ಸೂಪ್ರೈಸರ್ ಸಾ" ಎಂದಳು. ಬನ್ನಿ ಎನ್ನಲಿಲ್ಲ. ನೀರು ಕೊಡಲಿಲ್ಲ. ನಮ್ಮ ಸೀಮೆಯಲ್ಲಿ ಬಾಗಿಲಿಗೆ ಬಂದ ಭಿಕ್ಷುಕನಿಗೂ ನೀರು ಕೊಡುತ್ತಾರೆ. ನಾನು ನಿಂತೇ ಹೇಳಿದೆ. ಉಂಗುರದ ತುಂಡು ತೋರಿಸಿದೆ.

"ಗೊತ್ತು ಸಾ" ಎಂದಳು. "ಅವತ್ತೇ ಗೊತ್ತಿತ್ತು. ನಿಮ್ ಬೆರಳಲ್ಲಿ ಬಟ್ಟೆ ಇರ್ನಿಲ್ಲ."

"ಮತ್ತೆ ಯಾಕಮ್ಮ ಹೇಳಲಿಲ್ಲ ನೀನು?"

"ಕೂಲಿಯೋಳು ಸೂಪ್ರೈಸರ್ ಮ್ಯಾಲೆ ಏಳಿದ್ರೆ ಯಾರು ನಂಬ್ತಿದ್ರು? ನೀವೇ ಏಳ್ತೀರಿ ಅಂದ್ಕೊಂಡೆ. ಅವತ್ತು ಎದ್ರಿದ್ರು, ನಾಳೆ ಏಳ್ತಾರೆ, ನಾಡಿದ್ದು ಏಳ್ತಾರೆ ಅಂತ ಕಾದೆ. ಜೀಪ್ ಸದ್ದಾದ್ರೆ ಆಚೆ ಬಂದು ನೋಡೋಳು."

ಅವಳು ಹುಲ್ಲು ಉದುರಿಸುತ್ತಲೇ ಹೇಳಿದಳು. "ಮದ್ವೆ ಮನೇಲಿ ಹೆಣ್ಗೆ ಒಡವೆ ಆಕೋ ಕ್ವಾಣೆಗೆ ನನ್ನ ಬುಡ್ತಿರ್ನಿಲ್ಲ ಸಾ. ಬಾಯ್ಬುಟ್ಟು ಯಾರೂ ಏನೂ ಅನ್ನಾಕಿಲ್ಲ. 'ಪುಟ್ಟಮಣಿ, ಒಲೆ ತಾವ ನೋಡವ್ವ' ಅನ್ನೋರು. ನಮ್ಮತ್ತೆ ಎರಡು ವರ್ಷ ಆಸಿಗೆ ಹಿಡುದ್ಲು. ಹೇಲು ಉಚ್ಚೆ ಬಾಚಿದೋಳು ನಾನು. ಸಾಯೋ ಗಳಿಗೇಲಿ ಕಿವಿ ಓಲೆ ಬಿಚ್ಚೋಕೆ ಓದ್ರೆ ನನ್ ಕೈ ತಳ್ಬುಟ್ಲು. ಮಗಳು ಬರೋಗಂಟ ಕಿವಿ ಮುಚ್ಕೊಂಡೇ ಮಲಗಿದ್ಲು. ಅವಳಿರೋವಾಗ ಬರ್ಬೇಕಿತ್ತು ಸಾ ನೀವು."

ಆಗ ನಾನು ಇನ್ನೊಂದು ದಡ್ಡತನ ಮಾಡಿದೆ. "ಈ ಉಂಗುರ ನೀನೇ ಇಟ್ಕೊಳಮ್ಮ" ಎಂದು ಕೈ ಚಾಚಿದೆ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಇದು ನನ್ ಮನೇಲಿ ಕಂಡ್ರೆ ಊರು ಏನಂತದೆ? ಕಂಪ್ನಿ ಚಿನ್ನ ಈಗ ಆಚೆಗೆ ಬಂತು ಅಂತದೆ. ಮಡೀಕಳಿ ಜೇಬಲ್ಲಿ." ಆಮೇಲೆ ಹೇಳಿದಳು. "ನಂಗೆ ಏಳೋಕೆ ಬಂದಿದ್ದೀರಲ್ಲ ಸಾ, ನಾನು ಕದ್ದಿಲ್ಲ ಅನ್ನೋದು ನಂಗೆ ಗೊತ್ತಿಲ್ವಾ? ಏಳೋದಿದ್ರೆ ಊರ್ಗೇಳಿ. ಸಂಜೆ ಡೈರಿ ತಾವ ಎಲ್ಲಾ ಬತ್ತಾರೆ."

ಡೈರಿ ಜಗಲಿಯ ಮೇಲೆ ಎರಡು ಗಂಟೆ ಕಾದೆ. ಸಂಜೆ ಹಾಲಿನ ಕ್ಯಾನು ಹಿಡಿದು ಗಂಡಸರು ಹೆಂಗಸರು ಸಾಲು ನಿಂತರು. ಪುಟ್ಟಮಣಿ ಸಾಲಿನ ನಡುವೆ ನಿಂತಿದ್ದಳು, ನನ್ನ ಕಡೆ ನೋಡಲಿಲ್ಲ. ಎದ್ದು ನಿಂತೆ. ನಾನು ಗುಡ್ಡದ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದವನು, ಪುಟ್ಟಮಣಿ ಚಿನ್ನ ಕದಿಯಲಿಲ್ಲ, ಆ ಗುಡ್ಡದಲ್ಲಿ ಕದಿಯಲು ಚಿನ್ನವೇ ಇರಲಿಲ್ಲ, ಹುಡಿಗೆ ಬಿದ್ದದ್ದು ನನ್ನ ಉಂಗುರದ ಚಿನ್ನ, ಗೊತ್ತಿದ್ದೂ ಬಾಯಿ ಬಿಡದವನು ನಾನು ಎಂದು ಹೇಳಿದೆ. ಜೊತೆಗೆ ಕಲ್ಲು ಕುಟ್ಟುತ್ತಿದ್ದ ಒಬ್ಬ ಹೆಂಗಸು ಬಾಯಿಗೆ ಸೆರಗು ಹಿಡಿದಳು. ಒಬ್ಬ ಮುದುಕರು, "ಅಯ್ಯೋ, ಯಾವ ಕಾಲದ ಮಾತು ಬುಡಿ ಸಾ" ಎಂದರು. ಹಾಲು ಅಳೆಯುತ್ತಿದ್ದವನು, "ಯಾವ ಕಂಪ್ನಿ?" ಎಂದು ಪಕ್ಕದವನನ್ನು ಕೇಳಿದ. ಸಾಲು ಮುಂದೆ ಸರಿಯಿತು.

ಪುಟ್ಟಮಣಿ ಹಾಲು ಅಳೆಸಿ, ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಮುಂದೆ ಬಂದು ನಿಂತಳು.

"ಇಷ್ಟೇಯಾ ಸಾ?" ಎಂದಳು. "ಇಷ್ಟು ಮಾತ್ಗೆ ಅನ್ನೊಂದು ವರ್ಷ ಬೇಕಾಯ್ತಾ ನಿಮ್ಗೆ?"

ಅವಳು ಖಾಲಿ ಕ್ಯಾನು ಎತ್ತಿಕೊಂಡು ಮನೆ ಕಡೆ ನಡೆದಳು.